ಅವಳು ನೀರಿನ ಕೆಳಗಿದ್ದಾಳೆ

ಗಾಜಿನ ಮೇಲೆ ಉಗುಳಬೇಕು ಎಂದು ಡೈವಿಂಗ್ ಕಲಿಸುವವನು ಹೇಳಿದಾಗ ಅವನ ಮೈಯೆಲ್ಲ ಮುದುಡಿದಂತಾಯಿತು. ಇಡೀ ಆಯುಷ್ಯವನ್ನು ಕನ್ನಡಕದಂಗಡಿಯಲ್ಲಿ ಗಾಜು ಒರೆಸುವುದರಲ್ಲೇ ಕಳೆದವನು ಅವನು. ಗಿರಾಕಿಯೊಬ್ಬ ಲೆನ್ಸಿನ ಮೇಲೆ ಹೆಬ್ಬೆರಳು ಊರಿದರೆ ತನ್ನ ಕಣ್ಣಿಗೇ ಚುಚ್ಚಿದ ಹಾಗೆ ರೆಪ್ಪೆ ಬಡಿಯುವವನು. ಈಗ ಓಲಾಡುವ ದೋಣಿಯ ಅಂಚಿನಲ್ಲಿ, ಬಿಗಿಯಾದ ರಬ್ಬರ್ ಉಡುಪಿನೊಳಗೆ ಹೊಟ್ಟೆಯನ್ನು ಹೇಗೋ ತುರುಕಿಕೊಂಡು ಕೂತು, ಎಲ್ಲರ ಕಣ್ಣೆದುರು ಮಾಸ್ಕಿನ ಗಾಜಿಗೆ ಉಗುಳಬೇಕು, ಉಗುಳಿ ಬೆರಳಿನಿಂದ ತಿಕ್ಕಬೇಕು, ಇಲ್ಲದಿದ್ದರೆ ನೀರಿನೊಳಗೆ ಮಂಜು ಕವಿದು ಏನೂ ಕಾಣುವುದಿಲ್ಲವಂತೆ. ಬಾಯಿ ಒಣಗಿ ಹೋಗಿತ್ತು. ನಾಲಿಗೆಯನ್ನು ಒಳಗೊಳಗೇ ಹೊರಳಿಸಿ ನೋಡಿದ, ಉಗುಳೇ ಬರಲಿಲ್ಲ. ಪಕ್ಕದಲ್ಲಿ ಹೆಂಡತಿ ತನ್ನ ಮಾಸ್ಕಿಗೆ ಥೂ ಎಂದು ಉಗುಳಿ, ತಿಕ್ಕಿ, ಸಮುದ್ರದಲ್ಲಿ ಅದ್ದಿ ತೆಗೆದು, ಇವನ ಪೇಚಾಟ ನೋಡಿ ನಕ್ಕಳು. ನಗುವೆಂದರೆ ಭುಜ ಕುಣಿಯುವುದು ಅಷ್ಟೇ. ಈಗ ಒಂದು ವರ್ಷದಿಂದ ಅವಳ ನಗುವಿಗೆ ಸದ್ದಿಲ್ಲ. ಇವನ ಕೈಯಿಂದ ಮಾಸ್ಕು ಕಿತ್ತುಕೊಂಡು ಅದಕ್ಕೂ ತಾನೇ ಉಗುಳಿ ತಿಕ್ಕಿ ಕೊಟ್ಟಳು. ಅದನ್ನು ಮುಖಕ್ಕೆ ಏರಿಸುವಾಗ ಅವನಿಗೆ ಒಂದು ಕ್ಷಣ ಹಾಯೆನಿಸಿತು. ಮದುವೆಯಾದ ಹೊಸತರಲ್ಲಿ ಒಂದೇ ಲೋಟದಲ್ಲಿ ಚಹಾ ಕುಡಿಯುತ್ತಿದ್ದದ್ದು ನೆನಪಾಯಿತು. ಅದನ್ನು ಅವಳಿಗೆ ಹೇಳೋಣವೆಂದು ತಿರುಗುವಷ್ಟರಲ್ಲಿ ಕಲಿಸುವವನು ಎದುರು ಬಂದು ಕುಕ್ಕರಗಾಲಲ್ಲಿ ಕೂತಿದ್ದ.

"ಮೇಡಂ, ರೆಡಿನಾ?"

"ಅವಳಿಗೆ ಸ್ವಲ್ಪ ಭಯ ಇದೆ. ನಿಧಾನಕ್ಕೆ ಕರ್ಕೊಂಡು ಹೋಗಿ," ಎಂದ ಅವನು.

"ನಾನು ಮೇಡಂನ ಕೇಳಿದ್ದು ಸರ್."

ಅವಳು ಹೆಬ್ಬೆರಳು ತೋರುಬೆರಳು ಸೇರಿಸಿ ಬಳೆಯ ಹಾಗೆ ಮಾಡಿ ತೋರಿಸಿದಳು. ನಿನ್ನೆ ದಡದ ಹತ್ತಿರ, ಸೊಂಟದ ಮಟ್ಟದ ನೀರಿನಲ್ಲಿ ಕಲಿಸಿದ್ದ ಸನ್ನೆ: ಸರಿಯಿದ್ದೇನೆ. ಇವನಿಗೆ ಸನ್ನೆಗಳೆಲ್ಲ ಒಂದರೊಳಗೊಂದು ಕಲಸಿಹೋಗಿ, ಕಲಿಸುವವನು ಹೆಬ್ಬೆರಳೆತ್ತಿ ಮೇಲೆ ಹೋಗೋಣ ಎನ್ನುವಾಗ ಭೇಷ್ ಎಂದು ಹೊಗಳುತ್ತಿದ್ದಾನೆಂದು ತಿಳಿದು ಹಲ್ಲು ಕಿರಿದಿದ್ದ. ಅವಳಾದರೋ ಒಂದೇ ಸಲಕ್ಕೆ ಎಲ್ಲ ಕಲಿತುಬಿಟ್ಟಿದ್ದಳು. ಕಲಿಯದೆ ಏನು, ಒಂದು ವರ್ಷದಿಂದ ಅದೇ ಕೆಲಸವಲ್ಲವೇ ಎಂದು ಅವನಿಗೆ ಆಗಲೂ ಅನ್ನಿಸಿತ್ತು, ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಿತ್ತು.

ಒಂದು ಕಾಲದಲ್ಲಿ ಊರಿನ ದೊಡ್ಡ ಹೂವಿನ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವಳು ಅವಳು. ಬೆಳಗಿನ ಜಾವಕ್ಕೇ ಲಾರಿಗಳಿಂದ ಇಳಿದ ಹೂವಿನ ಬುಟ್ಟಿಗಳ ನಡುವೆ, ಮರದ ಪೀಠದ ಮೇಲೆ ನಿಂತು, ಕೈಯಲ್ಲೊಂದು ಗುಲಾಬಿಯ ಕಟ್ಟು ಎತ್ತಿ ಹಿಡಿದು ಅವಳು ಕೂಗಿದರೆ ಆ ತಗಡಿನ ಚಾವಣಿಯ ಹಜಾರದ ಕೊನೆಯಲ್ಲಿ ತೂಕಡಿಸುತ್ತಿದ್ದ ವ್ಯಾಪಾರಿಯೂ ಬೆಚ್ಚಿ ಕೈಯೆತ್ತುತ್ತಿದ್ದ. ಮೈಕು ಬೇಕಿರಲಿಲ್ಲ. ಮಾರುಕಟ್ಟೆಯ ಗುಮಾಸ್ತರಿಗೆ ಕನ್ನಡಕ ಅಳತೆ ಮಾಡಲು ಹೋದ ಇವನು ಕಂಬಕ್ಕೊರಗಿ ಆ ದನಿಯನ್ನು ಕೇಳುತ್ತ ಕೆಲಸವನ್ನೇ ಮರೆತಿದ್ದ. ಇವನು ಮಾತಿಗೆ ಮೊದಲಿನಿಂದಲೂ ಹಿಂದು. ಶಾಲೆಯಲ್ಲಿ ಹೆಸರು ಕರೆದಾಗ ಹಾಜರು ಎನ್ನಲೂ ಗಂಟಲು ಕಟ್ಟುತ್ತಿತ್ತು. ಮದುವೆಯಾದ ಮೇಲೆ ಆ ಕಷ್ಟವೂ ತಪ್ಪಿತು. ಬಾಡಿಗೆ ಮನೆಯವನ ಹತ್ತಿರ ಜಗಳ, ತರಕಾರಿಯವಳ ಹತ್ತಿರ ಚೌಕಾಸಿ, ಮಗಳ ಶಾಲೆಯ ಮೇಷ್ಟರ ಹತ್ತಿರ ಅಹವಾಲು, ಎಲ್ಲವೂ ಅವಳದೇ. ಬಂದ ನೆಂಟರೊಡನೆ ಹರಟೆ ಅವಳದು, ಅವರ ಚಪ್ಪಲಿ ಜೋಡಿಸಿಡುವುದು ಇವನದು. ಭಾವಮೈದುನರು ಇವನನ್ನು 'ಮೌನಿ ಭಾವ' ಎಂದು ಕರೆದು ನಗುತ್ತಿದ್ದರು. ಇವನೂ ನಗುತ್ತಿದ್ದ. ಹಾಗೆ ನಗುವಾಗ ಹೊಟ್ಟೆಯೊಳಗೆಲ್ಲೋ ಸಣ್ಣದೊಂದು ಕಲ್ಲು ಬಿದ್ದ ಹಾಗಾಗುತ್ತಿತ್ತು ಎಂಬುದು ಯಾರಿಗೂ ಗೊತ್ತಾಗಲಿಲ್ಲ, ಅವಳಿಗೂ.

ಆಮೇಲೆ ಅವಳ ಕುತ್ತಿಗೆಯಲ್ಲಿ ಗಂಟು. ಗಂಟು ತೆಗೆದರು, ಕೆಟ್ಟದ್ದಲ್ಲ ಎಂದರು, ಎಲ್ಲರೂ ದೇವರಿಗೆ ಕೈಮುಗಿದರು. ಅವಳು ಕಣ್ಣು ಬಿಟ್ಟು ಏನೋ ಕೇಳಿದಳು. ಬಂದದ್ದು ಬರೀ ಗಾಳಿ. ದನಿಯ ನರ ಒಂದು ಪಕ್ಕದಲ್ಲಿ ಸೋತಿದೆ, ಕೆಲವರಿಗೆ ತಾನಾಗಿ ಸರಿಹೋಗುತ್ತದೆ, ಕಾಯೋಣ ಎಂದರು ಡಾಕ್ಟರು. ಕಾದರು. ಗುಸುಗುಸು ಎಂಬಷ್ಟು ಉಳಿಯಿತು. ಕಿವಿ ಹತ್ತಿರ ತಂದರೆ ಕೇಳುತ್ತದೆ. ಫ್ಯಾನು ತಿರುಗಿದರೂ ಸಾಕು, ಕೇಳುವುದಿಲ್ಲ. ಮಾರುಕಟ್ಟೆಯವರು ಅವಳನ್ನು ಒಳಗಿನ ಕೋಣೆಯಲ್ಲಿ ಚೀಟಿ ಹರಿಯುವ ಕೆಲಸಕ್ಕೆ ಕೂರಿಸಿದರು. ಮನೆಯಲ್ಲಿ ಅವಳ ಫೋನು ಇವನ ಜೇಬಿಗೆ ಬಂತು. ಮೊದಮೊದಲು ಫೋನು ಮೊಳಗಿದರೆ ಇವನ ಅಂಗೈ ಬೆವರುತ್ತಿತ್ತು. "ಹಲೋ, ಅವಳ ಯಜಮಾನರು ಮಾತಾಡ್ತಿರೋದು" ಎನ್ನುವುದನ್ನು ಕನ್ನಡಿಯೆದುರು ಅಭ್ಯಾಸ ಮಾಡಿದ್ದ. ಯಾವಾಗ ಬೆವರುವುದು ನಿಂತಿತೋ ಅವನಿಗೇ ತಿಳಿಯದು. ಅಂಗಡಿಗೆ ಬಂದವರೊಡನೆ ರಾಜಕೀಯ ಮಾತಾಡತೊಡಗಿದ. ನಾದಿನಿಯ ಮಗನ ಮದುವೆಯಲ್ಲಿ ಮನೆಯವರ ಪರವಾಗಿ ನಾಲ್ಕು ಮಾತು ಹೇಳಲು ಎದ್ದು ನಿಂತು ನಲವತ್ತು ಹೇಳಿದ. ಜನ ಚಪ್ಪಾಳೆ ತಟ್ಟಿದರು. "ಭಾವನ ಬಾಯಲ್ಲಿ ಇಷ್ಟೊಂದು ಸರಕಿತ್ತಾ!" ಎಂದು ಭಾವಮೈದುನ ಬೆನ್ನು ತಟ್ಟಿದ. ಅವಳು ಮುಂದಿನ ಸಾಲಿನಲ್ಲಿ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ದ್ವೀಪಕ್ಕೆ ಹೋಗೋಣ ಎಂದವಳು ಅವಳೇ. ಎಲ್ಲಿ ನೋಡಿದಳೋ, ಯಾರು ಹೇಳಿದರೋ. ಮಗಳು ಗಂಡನ ಮನೆಯಿಂದ ಬಂದಿದ್ದಾಗ ಅವಳ ಮೊಬೈಲಿನಲ್ಲಿ ಹವಳದ ಬಂಡೆಗಳ ಚಿತ್ರ ತೋರಿಸಿ, ಇವನ ಕಿವಿಗೆ ಬಾಯಿಟ್ಟು, "ಇಲ್ಲಿಗೆ ಕರ್ಕೊಂಡು ಹೋಗ್ತೀರಾ?" ಎಂದು ಕೇಳಿದ್ದಳು. ಈ ವಯಸ್ಸಲ್ಲಿ ಇದೆಂಥ ಹುಚ್ಚು ಎಂದು ಅವನು ಮಗಳಿಗೆ ಹೇಳಿದ. ಹೆಂಡತಿಯ ಎದುರೇ, ಅವಳು ಅಲ್ಲಿಲ್ಲವೆಂಬಂತೆ.

"ಹಿಂದಕ್ಕೆ ಬಾಗಿ ಬೀಳಿ ಸರ್," ಎನ್ನುತ್ತಿದ್ದ ಕಲಿಸುವವನು. ಅವನು ಬಿದ್ದ.

ನೀರಿನೊಳಗೆ ಮೊದಲು ಕೇಳಿದ್ದು ತನ್ನದೇ ಉಸಿರು. ಇಷ್ಟು ವರ್ಷ ಈ ಮುದುಕ ತನ್ನೊಳಗೆ ಹೀಗೆ ಗೊರಗೊರ ಎನ್ನುತ್ತ ಕೂತಿದ್ದನೇ ಎಂದು ಬೆರಗಾಯಿತು. ಹಗ್ಗ ಹಿಡಿದು ಕೆಳಗಿಳಿಯುತ್ತ ಕಿವಿಯೊಳಗೆ ಯಾರೋ ಬೆರಳಿಟ್ಟು ಒತ್ತಿದಂತೆ ನೋವು. ಮೂಗು ಹಿಡಿದು ಊದಿದ, ನೋವು ಸಡಿಲಾಯಿತು. ಎಲ್ಲವೂ ಇದ್ದದ್ದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತಿತ್ತು. ಇದು ಮಾತ್ರ ಅವನಿಗೆ ಗೊತ್ತಿದ್ದ ಸಂಗತಿ, ನೀರೆಂದರೆ ಅದೂ ಒಂದು ಮಸೂರವೇ. ಆ ಯೋಚನೆಯಿಂದ ಕೊಂಚ ಧೈರ್ಯ ಬಂತು. ಕೆಳಗೆ ಹವಳದ ದಿಬ್ಬ. ಚಿತ್ರದಲ್ಲಿದ್ದಷ್ಟು ಬಣ್ಣವಿರಲಿಲ್ಲ, ಕಂದು, ಬೂದು, ಅಲ್ಲಲ್ಲಿ ಒಂದು ನೇರಳೆ. ಅವಳು ಅವನಿಗಿಂತ ಮುಂದೆ ತೇಲುತ್ತಿದ್ದಳು. ಮೊಣಕಾಲಿನ ನೋವೆಂದು ಮನೆಯಲ್ಲಿ ಮೆಟ್ಟಿಲಿಗೊಮ್ಮೆ ನಿಲ್ಲುವ ಹೆಂಗಸು ಇವಳೇ ಏನು? ತೋಳುಗಳನ್ನು ಎದೆಗೆ ಕಟ್ಟಿಕೊಂಡು, ಕಾಲಷ್ಟೇ ಆಡಿಸುತ್ತ, ಯಾವುದೋ ಹಳೆಯ ಪರಿಚಯದ ಬೀದಿಯಲ್ಲಿ ಸಂಜೆಯ ಹೊತ್ತು ಸುತ್ತಾಡಲು ಹೊರಟವಳ ಹಾಗೆ. ಬಂಡೆಯ ಸಂದಿನಿಂದ ಒಂದು ಆಮೆ ಎದ್ದಿತು. ಅವಳು ಅದರ ಪಕ್ಕಕ್ಕೆ ಜಾರಿದಳು. ಅವಳ ಬಲಗಡೆ ಬಂಡೆಯ ಚೂಪು ತುದಿಯೊಂದು ಅವಳ ಭುಜಕ್ಕೆ ತಾಗುವಂತಿದ್ದದ್ದು ಇವನಿಗೆ ಕಂಡಿತು. ಹುಷಾರು ಕಣೇ ಎನ್ನಲು ಬಾಯಿ ತೆರೆದ.

ಉಪ್ಪುನೀರು ಗಂಟಲಿಗೆ ಇಳಿಯಿತು. ಆಮೇಲೆ ಏನಾಯಿತೆಂಬುದು ತುಣುಕು ತುಣುಕು: ಬಾಯಿಂದ ಕಳಚಿ ಹಾವಿನಂತೆ ಆಡುತ್ತಿದ್ದ ಉಸಿರಿನ ಕೊಳವೆ, ಬಿಳಿ ಗುಳ್ಳೆಗಳು, ಎದೆಯೊಳಗೆ ಬೆಂಕಿ, ತಾನೇ ಯಾರನ್ನೋ ಒದ್ದದ್ದು. ಒಂದು ಕೈ ಅವನ ದವಡೆ ಒತ್ತಿ ಕೊಳವೆಯನ್ನು ಬಾಯಿಗೆ ತುರುಕಿತು. ಇನ್ನೊಂದು ಕೈ ಅವನ ಬೆಲ್ಟು ಹಿಡಿದು ತಡೆತಡೆದು ಮೇಲಕ್ಕೆ ತಂದಿತು. ನೀರಿನಿಂದ ತಲೆ ಹೊರಬಂದಾಗ ಸೂರ್ಯ ಅಸಹ್ಯವಾಗುವಷ್ಟು ಬೆಳ್ಳಗಿದ್ದ. ಅವನನ್ನು ಮೂಟೆಯ ಹಾಗೆ ದೋಣಿಗೆ ಎಳೆದು ಹಾಕಿದರು. ವಾಂತಿಯಾಯಿತು. ಕಲಿಸುವವನ ಹಿಂದೆಯೇ ಅವಳೂ ಮೇಲೆ ಬರಬೇಕಾಗಿ ಬಂದಿತ್ತು; ಏಣಿ ಹತ್ತಿ, ಮಾಸ್ಕನ್ನು ಹಣೆಗೇರಿಸಿ ಅವನನ್ನು ನೋಡಿದಳು. ಅವಳ ಮುಖಕ್ಕೆ ಗಾಬರಿ ಬರುವ ಮುಂಚೆ, ಒಂದೇ ಒಂದು ಗಳಿಗೆ, ಬೇರೆಯೇನೋ ಬಂದು ಹೋಯಿತು. ಒಳ್ಳೆಯ ನಿದ್ದೆಯಿಂದ ಎಬ್ಬಿಸಿದವರನ್ನು ನೋಡುವಂತೆ. ಅವನು ಅದನ್ನು ನೋಡಿದ. ಅವನು ನೋಡಿದನೆಂದು ಅವಳಿಗೂ ಗೊತ್ತಾಯಿತು. ತಟ್ಟನೆ ಪಕ್ಕ ಕೂತು ಬೆನ್ನು ಸವರತೊಡಗಿದಳು.

"ಸಾಕು, ಇಬ್ಬರಿಗೂ ಸಾಕು," ಎಂದ ಅವನು, ಕೆಮ್ಮುತ್ತ. "ಅವಳಿಗೂ ಸುಸ್ತಾಗಿದೆ. ವಾಪಸ್ ಹೋಗೋಣ."

ಬೆನ್ನ ಮೇಲಿದ್ದ ಕೈ ನಿಂತಿತು. ಅವಳು ಎದ್ದು, ಮಾಸ್ಕು ಇಳಿಸಿ, ಕಲಿಸುವವನಿಗೆ ಆ ಬಳೆಯ ಸನ್ನೆ ತೋರಿಸಿ, ಅಂಚಿನಲ್ಲಿ ಕೂತು ಹಿಂದಕ್ಕೆ ಬಿದ್ದಳು. ಗುಳುಂ ಎಂದು ನೀರು ಮುಚ್ಚಿಕೊಂಡಿತು. ಕಲಿಸುವವನೂ ಅವಳ ಹಿಂದೆಯೇ ಇಳಿದ.

ದೋಣಿಯಲ್ಲಿ ಉಳಿದವರು ಇಂಜಿನ್ನಿನ ಹತ್ತಿರ ಬೀಡಿ ಸೇದುತ್ತಿದ್ದ ದೋಣಿಯವನು, ಇವನು, ಮತ್ತು ಒಬ್ಬ ಮುದುಕಿ. ಮುದುಕಿ ಹಿಂದೆ ಬಸ್ ಕಂಡಕ್ಟರ್ ಆಗಿದ್ದವಳಂತೆ. ಅದನ್ನು ಅವಳು ನಿನ್ನೆ ವಸತಿಗೃಹದ ಊಟದ ಮೇಜಿನಲ್ಲೇ ಎಲ್ಲರಿಗೂ ಕೇಳುವಂತೆ ಸಾರಿದ್ದಳು. ಅವಳ ಮಗಳು ಅಳಿಯ ಮುಂಚೆಯೇ ನೀರಿಗಿಳಿದಿದ್ದರು. ಈಕೆ ಜೀವರಕ್ಷಕ ಅಂಗಿ ತೊಟ್ಟು, ಅದರ ಮೇಲೆ ಕೈಚೀಲ ತಬ್ಬಿಕೊಂಡು, ಇಳಿಯುವ ನಿಲ್ದಾಣ ಬಂತೇ ಎಂಬಂತೆ ಸಮುದ್ರ ನೋಡುತ್ತಿದ್ದಳು.

"ತಗೋಪ್ಪಾ, ನಿಂಬೆಹಣ್ಣು ಮೂಸು. ನಮ್ಮ ಬಸ್ಸಲ್ಲೂ ನಿನ್ನಂಥವರು ಇರ್ತಿದ್ರು, ಕಿಟಕಿ ಪಕ್ಕ ಕೂರಿಸ್ತಿದ್ದೆ. ನಿನ್ ಹೆಂಡ್ತಿ ಗಟ್ಟಿಗಿತ್ತಿ. ಮಾತು ಬರಲ್ವಾ ಅವಳಿಗೆ?"

ಅವನು ಹೇಳಿದ. ನಿಂಬೆಹಣ್ಣು ಮೂಸುತ್ತ, ಮೊದಲು ಸುಸ್ತಿನಿಂದ, ಆಮೇಲೆ ಚೇತರಿಸಿಕೊಂಡು, ಆಮೇಲೆ ಹುರುಪಿನಿಂದ. ಈ ಕಥೆಯನ್ನು ಅವನು ಅಂಗಡಿಯಲ್ಲಿ, ರೈಲಿನಲ್ಲಿ, ಮದುವೆಮನೆಗಳಲ್ಲಿ ಹೇಳಿ ಹೇಳಿ ಹದ ಮಾಡಿದ್ದ. ಹೂವಿನ ಮಾರುಕಟ್ಟೆ ಬಂದಾಗ ದನಿ ಏರಬೇಕು. ಆಪರೇಷನ್ ಕೋಣೆಯ ಕೆಂಪು ದೀಪ ಆರಿದ ಜಾಗದಲ್ಲಿ ಒಂದು ಉಸಿರು ನಿಲ್ಲಬೇಕು. 'ಬಾಯಿ ತೆಗೆದ್ಲು, ಬರೀ ಗಾಳಿ' ಎನ್ನುವಾಗ ಕೇಳುವವರ ಕಣ್ಣು ತೇವವಾಗುತ್ತದೆ. "ಈಗ ಒಬ್ಬಳೇ ಇದ್ದಾಗ ಅಳ್ತಾಳೆ. ನಾನು ನೋಡಿಲ್ಲ ಅನ್ಕೊಂಡಿದಾಳೆ," ಎಂದ ಕೊನೆಗೆ. ಎಂದ ಮೇಲೆ ಅವನಿಗೇ ವಿಚಿತ್ರವೆನಿಸಿತು. ಆಪರೇಷನ್ ಆದಮೇಲೆ ಅವಳು ಅತ್ತದ್ದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ. ಈ ಮಾತು ಕಥೆಗೆ ಯಾವಾಗ ಸೇರಿತು? ಎಲ್ಲೋ ಒಂದು ಸಲ ಕೇಳುಗರು ಸಪ್ಪಗಿದ್ದಾಗ ಹಾಕಿರಬೇಕು, ರುಚಿಯಾಗಿ ಉಳಿದುಕೊಂಡಿರಬೇಕು.

"ಅಳೋ ಪೈಕಿ ಕಾಣಲ್ಲಪ್ಪ," ಎಂದಳು ಮುದುಕಿ, ನೀರಿನ ಮೇಲೆ ಏಳುತ್ತಿದ್ದ ಗುಳ್ಳೆಗಳನ್ನು ನೋಡುತ್ತ.

ಆಗ ಅವನ ಚೀಲದಲ್ಲಿ ಅವಳ ಫೋನು ಮೊಳಗಿತು. ಆಸ್ಪತ್ರೆಯ ಹುಡುಗಿ. ಹೊರಗಿನಿಂದ ಬರುವ ದೊಡ್ಡ ಸರ್ಜನ್ ಅಪರೂಪಕ್ಕೆ ಬರುವವರು, ಅವರ ಪಟ್ಟಿಯಲ್ಲಿ ಅವಳ ಹೆಸರು ತುಂಬ ಕೆಳಗಿತ್ತು, ಬರುವ ವರ್ಷದ ಮಾತು ಎಂದು ಹೇಳಿದ್ದರು. ಸೋತ ನರದ ಪಕ್ಕಕ್ಕೆ ಒಂದು ಚೂರು ಆಸರೆ ಇಟ್ಟು ಕೂರಿಸಿದರೆ ದನಿ ಮರಳಬಹುದು, ಮೊದಲಿನದಲ್ಲ, ಆದರೂ ದನಿ ಅನ್ನಿಸಿಕೊಳ್ಳುವಂಥದ್ದು. ತಡವಾದಷ್ಟೂ ಫಲ ಕಡಿಮೆ. ಈಗ ಯಾರೋ ಒಬ್ಬರಿಗೆ ಜ್ವರ ಬಂದು ಜಾಗ ತೆರವಾಗಿದೆ. "ನಾಡಿದ್ದು ಬೆಳಗ್ಗೆ ಮಾಡ್ತಾರೆ ಸರ್. ಬರ್ತೀರಾ? ಈಗ್ಲೇ ಹೇಳಿದ್ರೆ ಒಳ್ಳೇದು, ಇನ್ನೊಬ್ಬರಿಗೆ ಫೋನ್ ಮಾಡ್ಬೇಕು. ಮೇಡಂನ ಒಂದು ಮಾತು ಕೇಳ್ತೀರಾ?"

"ಅವಳು ನೀರಿನ ಕೆಳಗಿದಾಳೆ."

"ಸ್ನಾನಕ್ಕೆ ಹೋಗಿದಾರಾ? ಪರವಾಗಿಲ್ಲ ಸರ್, ಬರ್ಲಿ, ಕಾಯ್ತೀನಿ. ಅರ್ಧ ಗಂಟೆ ಬಿಟ್ಟು ನೀವೇ ಮಾಡಿದ್ರೂ ಆಯ್ತು."

ಅರ್ಧ ಗಂಟೆ. ಕೆಳಗಿನಿಂದ ಗುಳ್ಳೆಗಳು ಒಂದರ ಹಿಂದೊಂದು ಬಂದು ಒಡೆಯುತ್ತಿದ್ದವು. ಅವುಗಳಲ್ಲಿ ಯಾವುದು ಅವಳದು? ಅವನು ಹೇಳಿದ್ದು ಹೀಗೆ: "ಇಲ್ಲಮ್ಮ, ನಾವು ದೂರದ ಊರಲ್ಲಿದೀವಿ. ನೀರಿಗಿಳಿದ ಮೇಲೆ ಒಂದು ದಿನ ವಿಮಾನ ಹತ್ತಬಾರದಂತೆ. ಮತ್ತೆ ಅವಳಿಗೂ ಇನ್ನೂ ಧೈರ್ಯ ಬಂದಿಲ್ಲ, ಇನ್ನೊಂದು ಆಪರೇಷನ್ ಅಂದ್ರೆ ಭಯ ಪಡ್ತಾಳೆ. ಮುಂದಿನ ಸಲ ನೋಡೋಣ." ದನಿ ಸ್ಪಷ್ಟವಾಗಿತ್ತು, ನಯವಾಗಿತ್ತು. ಎಲ್ಲೂ ತೊದಲಲಿಲ್ಲ. ಆ ಹುಡುಗಿ ಸರಿ ಸರ್ ಎಂದು ಇಟ್ಟಳು. ಫೋನನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದ. ಮುದುಕಿ ತನ್ನನ್ನು ನೋಡುತ್ತಿದ್ದಾಳೆಂದು ಅನ್ನಿಸಿತು. ತಿರುಗಿದರೆ ಅವಳು ಕಣ್ಣು ಮುಚ್ಚಿ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದಳು.

ಯಾಕೆ ಹಾಗೆಂದೆ? ಕಾರಣಗಳು ಒಂದೊಂದಾಗಿ ಬಂದು ಕೂತವು, ಎಲ್ಲವೂ ಮರ್ಯಾದಸ್ಥ ಕಾರಣಗಳೇ. ಪಾಪ, ಎಷ್ಟೋ ವರ್ಷಕ್ಕೆ ಒಂದು ರಜೆ, ಅದನ್ನು ಹಾಳು ಮಾಡಬಾರದು. ಮತ್ತೆ ಕುತ್ತಿಗೆ ಕೊಯ್ಯಿಸಿಕೊಂಡು, ಇದ್ದ ಗುಸುಗುಸೂ ಹೋದರೆ? ವಿಮಾನದ ವಿಷಯವಂತೂ ಕಲಿಸುವವನೇ ಹೇಳಿದ್ದು. ಅವನು ಒಂದೊಂದನ್ನೂ ಲೆನ್ಸಿನ ಹಾಗೆ ಎತ್ತಿ ಬೆಳಕಿಗೆ ಹಿಡಿದ. ಯಾವುದರಲ್ಲೂ ಬಿರುಕಿರಲಿಲ್ಲ, ಯಾವುದರಲ್ಲೂ ಏನೂ ಕಾಣಲಿಲ್ಲ. ಇವೆಲ್ಲದರ ಹಿಂದೆ ಮದುವೆಮನೆಯ ಚಪ್ಪಾಳೆ ಕೇಳುತ್ತಿತ್ತು. ಆ ದಿನ ಮನೆಗೆ ಬಂದು ಅಂಗಿ ಬಿಚ್ಚುತ್ತ ಅವನು ಹಾಡು ಗುನುಗಿದ್ದ, ಅವಳು ಬಾಗಿಲಲ್ಲಿ ನಿಂತು ನೋಡಿದ್ದಳು. ಛೆ, ಅದಕ್ಕೂ ಇದಕ್ಕೂ ಏನು ಸಂಬಂಧ.

ಅವಳು ಮೇಲೆ ಬಂದಾಗ ಬೇರೆಯೇ ಹೆಂಗಸಾಗಿದ್ದಳು. ಮೂಗಿನ ಸುತ್ತ ಮಾಸ್ಕಿನ ಕೆಂಪು ಗೀರು, ನೆತ್ತಿಗೆ ಅಂಟಿದ ನರೆಗೂದಲು, ಮತ್ತು ಆ ಕಣ್ಣು. ಏಣಿ ಹತ್ತುತ್ತಲೇ ಕೈಗಳು ಶುರುವಾದವು: ಒಂದು ಅಂಗೈಯ ಮೇಲೆ ಇನ್ನೊಂದು ಅಂಗೈ ಕವುಚಿ, ಹೆಬ್ಬೆರಳುಗಳು ಈಜಿ, ನಾಲ್ಕೂ ಬೆರಳು ನಡುಗಿ, ಮುಷ್ಟಿ ಬಿರಿದು. ಮುದುಕಿಯ ಮಗಳು, ಹಿಂದೆಯೇ ಬಂದವಳು, ಅವಳಿಗೆ ಕೈಯಲ್ಲೇ ಏನೋ ಉತ್ತರ ಕೊಟ್ಟಳು, ಇಬ್ಬರೂ ನಕ್ಕರು.

"ಏನಂತೆ?" ಎಂದಳು ಮುದುಕಿ ಇವನನ್ನು.

"ಮೀನಿನ ಹಿಂಡು ನೋಡಿದ್ಲಂತೆ."

ಅವಳು ಇಲ್ಲವೆಂದು ತಲೆಯಾಡಿಸಿದಳು. "ಹಾಗಾದ್ರೆ ಆಮೆ, ಆಮೆ ಮತ್ತೆ ಬಂತು," ಎಂದ. ಅದಕ್ಕೂ ಇಲ್ಲ. ಮೂರನೆಯದಕ್ಕೆ ಅವಳೇ ಕೈ ಬೀಸಿ ಬಿಡಿ ಎಂದುಬಿಟ್ಟಳು, ನಗುತ್ತಲೇ.

ಮಧ್ಯಾಹ್ನದ ಊಟಕ್ಕೆ ವಸತಿಗೃಹದ ಉದ್ದನೆಯ ಮೇಜಿನಲ್ಲಿ ಎಲ್ಲರೂ ಕೂತರು. ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು. ಅವನು ತುತ್ತು ಕಲಸುತ್ತ ಮಾತನ್ನೂ ಕಲಸುತ್ತಿದ್ದ: ಈಗ ಹೇಳಲೇ, ಕೈ ತೊಳೆದ ಮೇಲೆ ಹೇಳಲೇ. ಈಗಲೂ ಫೋನು ಮಾಡಿದರೆ ಜಾಗ ಇರಬಹುದು. ಇದ್ದರೆ? ಹೇಳುವುದಾದರೆ ಏನೆಂದು ಹೇಳುವುದು? 'ಆಸ್ಪತ್ರೆಯವರು ಫೋನ್ ಮಾಡಿದ್ರು' ಎಂಬಲ್ಲಿಗೆ ಮಾತು ನಿಲ್ಲುವುದಿಲ್ಲ, ಅದರ ಬೆನ್ನಿಗೇ 'ನೀವೇನಂದ್ರಿ' ಎಂಬುದು ಬರುತ್ತದೆ. ಅವಳು ನೀರಿನ ಲೋಟ ಕೆಳಗಿಟ್ಟು ಅವನ ಕಡೆ ಬಾಗಿದಳು. ಅವನು ರೂಢಿಯಂತೆ ಕಿವಿ ಕೊಟ್ಟ. ಅನ್ನದ ಬಿಸಿ ಇದ್ದ ಉಸಿರು ಕಿವಿಗೆ ತಾಗಿತು.

"ಅಲ್ಲಿ ಕೆಳಗೆ ಯಾರಿಗೂ ದನಿ ಇಲ್ಲ ರೀ. ನನಗೆ ಒಂದು ಸಲಾನೂ ನೆನಪೇ ಆಗ್ಲಿಲ್ಲ."

ಎಷ್ಟು ಹಗುರಾಯಿತು ಅವನಿಗೆ! ನೋಡಿದೆಯಾ, ಅವಳಿಗೀಗ ದನಿಯ ಹಂಬಲವೇ ಇಲ್ಲ, ತಾನು ಹೇಳಿದ್ದೇ ಸರಿಯಾಯಿತು. ಆ ಹಗುರವನ್ನು ಅನುಭವಿಸುತ್ತಿದ್ದಂತೆಯೇ, ಕೂದಲು ಸಿಕ್ಕ ತುತ್ತಿನ ಹಾಗೆ, ಅದು ಬಾಯೊಳಗೆ ತಿರುಗಿತು. ನೆನಪಾಗಲಿಲ್ಲ ಎನ್ನುವವಳಿಗೆ ಉಳಿದ ಹೊತ್ತೆಲ್ಲ ಬೇರೇನು ನೆನಪಿರುತ್ತದೆ? ಅವನು ಮಜ್ಜಿಗೆ ಬೇಡವೆಂದು ಎದ್ದ.

ಹೇಳಿದ್ದು ಸಂಜೆ, ಬಿಸಿಲು ಇಳಿಯುವ ಹೊತ್ತಿಗೆ. ಜಗಲಿಯ ಕೆಳಗಿನ ಮರಳಿನಲ್ಲಿ ಸಿಮೆಂಟಿನ ತೊಟ್ಟಿಯಿತ್ತು. ಸಮುದ್ರಕ್ಕಿಳಿದವರೆಲ್ಲ ಉಡುಪು, ಮಾಸ್ಕುಗಳನ್ನು ಅಲ್ಲಿ ಸಿಹಿನೀರಿನಲ್ಲಿ ಜಾಲಿಸಿಡಬೇಕು. ಅವಳು ಮೊಣಕೈವರೆಗೆ ಕೈಗಳನ್ನು ನೀರಿನಲ್ಲಿಟ್ಟು ಇಬ್ಬರ ಉಡುಪನ್ನೂ ಜಾಲಿಸುತ್ತಿದ್ದಳು. ಅವನು ಪಕ್ಕದಲ್ಲಿ ನಿಂತು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ, ಹೇಳಿದ. ಅಲೆಯ ಸದ್ದಿತ್ತು. ಅವಳಿಗೆ ಪೂರ್ತಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದ. ಕೇಳಿಸಿತ್ತು. ಅವಳು ನೀರಿನಿಂದ ಕೈ ತೆಗೆದು, ಸೀರೆಗೆ ಒರೆಸಿಕೊಂಡು, ಹತ್ತಿರ ಬಂದಳು.

"ಎಷ್ಟು ಹೊತ್ತಿಗೆ ಬಂತು ಫೋನು?"

"ಬೆಳಗ್ಗೆ. ನೀನು ಕೆಳಗಿದ್ದಾಗ."

"ನೀವೇನಂದ್ರಿ?"

"ವಿಮಾನ ಹತ್ತಬಾರದಲ್ಲ, ಅದಕ್ಕೇ..."

"ನಾಡಿದ್ದು ತಾನೇ. ನಾಳೆ ಹೊರಟಿದ್ರೆ ಆಗ್ತಿತ್ತು." ಅವಳ ಉಸಿರು ಸಾಲದೆ ಮಾತು ನಡುವೆ ನಡುವೆ ಖಾಲಿಯಾಗುತ್ತಿತ್ತು. "ಇನ್ನೇನಂದ್ರಿ?"

"ನಿಂಗೆ ಭಯ ಅಂದೆ."

ಅವಳು ಅವನ ಮುಖ ನೋಡುತ್ತ ನಿಂತಳು. ಬೈಯುತ್ತಾಳೆಂದು ಅವನು ಕಾದ. ಬೈಯಲಿ ಎಂದು ಹಾರೈಸಿದ. ಮೊದಲಿನ ಅವಳಾಗಿದ್ದರೆ ಈ ದ್ವೀಪದ ತೆಂಗಿನ ಮರಗಳಲ್ಲಿ ಕೂತ ಕಾಗೆಗಳೆಲ್ಲ ಎದ್ದು ಹಾರಿಹೋಗುತ್ತಿದ್ದವು. ಅವಳು ಕೈ ಚಾಚಿದಳು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಆ ಕೈಯನ್ನು ಹಿಡಿಯಲು ಹೋದ. ಅವಳು ಕೈ ಹಿಂದಕ್ಕೆಳೆದುಕೊಂಡು, ಅವನ ಅಂಗಿಯ ಜೇಬಿನ ಕಡೆ ಬೆರಳು ತೋರಿಸಿದಳು. ಫೋನು ಕೊಟ್ಟ.

ವಸತಿಗೃಹದಲ್ಲಿ ಜಗಲಿಯ ಮೇಲೆ ಮಾತ್ರ ಸಿಗ್ನಲ್ ಚೆನ್ನಾಗಿ ಸಿಗುತ್ತಿತ್ತು. ಅವಳು ಮೆಟ್ಟಿಲು ಹತ್ತಿದಳು, ಅವನು ಹಿಂದೆ ಹಿಂದೆ. ಚಹಾಕ್ಕೆ ಕೂತಿದ್ದ ನಾಲ್ಕೈದು ಜನ ತಲೆಯೆತ್ತಿದರು. ಅವಳು ನಂಬರು ಒತ್ತಿ ಫೋನನ್ನು ಬಾಯಿಗೆ ಒತ್ತಿಹಿಡಿದು ಮಾತಾಡಿದಳು. ಕತ್ತಿನ ನರಗಳು ಎದ್ದವು, ಗಾಯದ ಗೀರು ಕೆಂಪಾಯಿತು. ಆ ಕಡೆಯಿಂದ "ಹಲೋ? ಹಲೋ, ಯಾರು? ಕೇಳಿಸ್ತಿಲ್ಲ, ಜೋರಾಗಿ ಮಾತಾಡಿ" ಎಂಬುದು ಅವನವರೆಗೂ ಕೇಳಿತು. ಕಡಿದುಹೋಯಿತು. ಮತ್ತೆ ಒತ್ತಿದಳು. ಮತ್ತೆ ಹಲೋ, ಹಲೋ. ಸಮುದ್ರದ ಗಾಳಿಯಲ್ಲಿ ಅವಳ ಮಾತು ಅವಳ ತುಟಿಯಲ್ಲೇ ಹರಿದುಹೋಗುತ್ತಿತ್ತು. "ಕೊಡೇ, ನಾನು ಹೇಳ್ತೀನಿ. ನೀನಂದ ಹಾಗೇ ಹೇಳ್ತೀನಿ," ಎಂದು ಅವನು ಕೈ ಚಾಚಿದ. ಅವಳಿಗೆ ಆ ಕೈ ಕಾಣಿಸಿತು. ಅವಳು ಸುತ್ತ ನೋಡಿದಳು, ತಲೆ ತಗ್ಗಿಸಿಕೊಂಡ ಚಹಾದ ಜನರನ್ನು ದಾಟಿ, ಬೆತ್ತದ ಕುರ್ಚಿಯಲ್ಲಿ ಬಿಸ್ಕತ್ತು ಅದ್ದುತ್ತಿದ್ದ ಮುದುಕಿಯ ಹತ್ತಿರ ಹೋಗಿ, ಮೊಣಕಾಲೂರಿ ಕೂತು, ಫೋನನ್ನು ಅವಳ ಮಡಿಲಲ್ಲಿಟ್ಟು ಕಿವಿಯಲ್ಲಿ ಏನೋ ಹೇಳಿದಳು.

"ಅಷ್ಟೇನಾ?" ಎಂದಳು ಮುದುಕಿ. "ಹೇಳು ಮಗಳೇ, ನೀ ಹೇಳಿದ್ದು ಹೇಳ್ತೀನಿ. ಹಲೋ!" ತುಂಬಿದ ಬಸ್ಸಿನ ಹಿಂದಿನ ಬಾಗಿಲಿಗೂ ಮುಟ್ಟುತ್ತಿದ್ದ ಗಂಟಲು ಅದು, ಇಡೀ ಜಗಲಿ ತಿರುಗಿ ನೋಡಿತು. "ಹ್ಞಾಂ, ಬೆಳಗ್ಗೆ ಫೋನ್ ಮಾಡಿದ್ರಲ್ಲ, ಅವರದೇ. ಪಕ್ಕದಲ್ಲೇ ಕೂತಿದಾಳೆ, ಅವಳು ಹೇಳ್ತಾಳೆ, ನಾನು ಕೂಗ್ತೀನಿ... ಏನಂತೆ? ಕೊಟ್ಟುಬಿಟ್ರಾ? ಬೇರೆಯವರಿಗೆ ಕೊಟ್ಟುಬಿಟ್ರಂತೆ ಮಗಳೇ, ಮಧ್ಯಾಹ್ನಾನೇ."

ಅವಳು ಕಣ್ಣು ಮುಚ್ಚಿದಳು. ತೆರೆದು, ಮತ್ತೆ ಬಾಗಿ ಹೇಳಿದಳು.

"ಮತ್ತೆ ಯಾರಾದ್ರೂ ಬಿಟ್ರೆ ನನಗೆ ಹೇಳಿ ಅಂತಿದಾಳೆ. ಯಾವತ್ತಾದ್ರೂ ಸರಿ, ಯಾವ ಹೊತ್ತಾದ್ರೂ ಸರಿ. ನನಗೇ ಹೇಳಿ, ಮೆಸೇಜ್ ಹಾಕಿ, ಫೋನ್ ಮಾಡ್ಬೇಡಿ... ಭಯಾನಾ? ಭಯ ಪಡ್ತೀರಂತಲ್ಲ ಅಂತ ಕೇಳ್ತಿದಾರೆ ಮಗಳೇ." ಅವಳ ತುಟಿ ಮುದುಕಿಯ ಕಿವಿಯ ಹತ್ತಿರ ತುಂಬ ಹೊತ್ತು ಆಡಿತು. "ಹೌದು, ಭಯ ಇದೆ. ತುಂಬಾ ಇದೆ. ಮೊದಲಿಂದಾನೂ ಇದೆ. ಆದ್ರೂ ಮಾಡಿಸ್ಕೋತೀನಿ."

ಅವನು ಕಂಬ ಹಿಡಿದು ನಿಂತಿದ್ದ. ಮೊದಲಿಂದಲೂ ಇದೆ. ಗಂಟು ತೆಗೆಯುವ ಹಿಂದಿನ ದಿನ ಅವಳು ಆಸ್ಪತ್ರೆಯ ಮಂಚದಲ್ಲಿ ಕೂತು ಅವನ ಷರಟಿನ ಗುಂಡಿ ಹೊಲಿದುಕೊಟ್ಟಿದ್ದಳು, ನರ್ಸುಗಳಿಗೆಲ್ಲ ಮಾರುಕಟ್ಟೆಯ ಕಥೆ ಹೇಳಿ ನಗಿಸಿದ್ದಳು. ಅವಳಿಗೆ ಭಯವೆಂದು ಅವನು ಎಷ್ಟು ಜನರಿಗೆ ಹೇಳಿದ್ದ! ಹೇಳಿದ್ದು ನಿಜವಾಗಿತ್ತು. ಅದು ನಿಜವೆಂಬುದು ಅವನಿಗೆ ಗೊತ್ತಿರಲಿಲ್ಲ, ಅವನು ಒಮ್ಮೆಯೂ ಕೇಳಿರಲಿಲ್ಲ.

"ಜೊತೆಗೆ ಯಾರು ಇರ್ತಾರೆ ಅಂತ ಕೇಳ್ತಿದಾರೆ. ಬರ್ಕೋಬೇಕಂತೆ."

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಕೋಪವಿರಲಿಲ್ಲ. ಅಳತೆ ತೆಗೆಯುವವರು ನೋಡುವಂಥ ನೋಟ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಅವನು ತನಗರಿವಿಲ್ಲದೆಯೇ ಒಂದು ಹೆಜ್ಜೆ ಮುಂದಿಟ್ಟ. ಅವಳು ಮುದುಕಿಯ ಕಿವಿಗೆ ಬಾಗಿದಳು. ಈ ಸಲ ಒಂದೇ ಮಾತು.

"ತಂಗಿ," ಎಂದು ಕೂಗಿದಳು ಮುದುಕಿ. "ತಂಗಿ ಇರ್ತಾಳೆ... ಹೌದಮ್ಮ, ಯಜಮಾನರು ಇದಾರೆ, ಇಲ್ಲೇ ನಿಂತಿದಾರೆ. ತಂಗಿ ಅಂತ್ಲೇ ಬರ್ಕೊಳ್ಳಿ."

ಜಗಲಿಯ ಜನ ಅವನನ್ನು ನೋಡದಿರಲು ಚಹಾದ ಲೋಟಗಳನ್ನೆತ್ತಿಕೊಂಡರು. ಅವಳು ಕೆಳದನಿಯಲ್ಲಿ, ಒಂದು ಕೈಯನ್ನು ಮುದುಕಿಯ ತೊಡೆಯ ಮೇಲೆ ಊರಿ, ತಂಗಿಯ ನಂಬರು ಹೇಳುತ್ತಿದ್ದಳು. ಮುದುಕಿ ಒಂದೊಂದೇ ಅಂಕಿಯನ್ನು ಸಂಜೆಯ ಗಾಳಿಗೆ ಕೂಗಿ ಹೇಳುತ್ತಿದ್ದಳು. ಅವನು ಹಾಗೇ ನಿಂತು, ಅದು ಮುಗಿಯುವವರೆಗೂ ಕೇಳಿದ.